ಇಳಕಲ್ಲಿನ ಕೌದಿ ಸಾಲಿ

ಸಣ್ಣ ಹುಡುಗೂರ ಜೋಡಿ ಕೆಲಸ ಮಾಡೋರು ನಗೋ ಪ್ರಸಂಗ ಹುಡುಕ್ಕೊಂಡು ಎಲ್ಲೂ ಹೋಗಬೇಕಾಗಿಲ್ಲ, ಅವು ತಾವ ಮೂಗು ಸುರಿಸ್ಕೋತ ಬಾಗಲಕ್ಕ ಬಂದು ನಿಂದರ್ತಾವ. ಅದರಾಗೂ ನನ್ನ ಕೆಲಸ ಎಂಥಾದ್ದು ಅಂದ್ರ, ಹೆಸರು ಹೇಳಿದ್ರ ಅರ್ಧಾ ಮಂದಿ ನಗ್ತಿದ್ರು, ಏನು ಮಾಡ್ತೇನಿ ಅಂತ ಬಿಡಿಸಿ ಹೇಳಿದ್ರ ಉಳಿದ ಅರ್ಧಾ ಮಂದಿ ನಗ್ತಿದ್ರು.

ಎಂಬತ್ತರ ದಶಕ ಆಗಿನ್ನೂ ಶುರು ಆಗಿತ್ತು. ನಾ ಮುಂಬೈದಾಗ ಆಕ್ಯುಪೇಷನಲ್ ಥೆರಪಿ ಅನ್ನೋದನ್ನ ಕಲ್ತು, ಅಲ್ಲೇ ಒಂದು ದವಾಖಾನಿಯೊಳಗ ಸ್ವಲ್ಪ ದಿನ ದುಡಿದು, ನಮ್ಮಪ್ಪಗ ಮೈಯಾಗ ಆರಾಮ ಇಲ್ಲಂತ ಇಳಕಲ್ಲಿಗೆ ವಾಪಸ್ ಬಂದಿದ್ದೆ. ಬಂದು ನೋಡಿದ್ರ ಓಣಿಗೊಂದು ಅಂಥಾ ಕೂಸು ಇತ್ತು. ಸಪ್ಪಳ ಆದ್ರ ಕಿವಿ ಮುಚ್ಕೊಂಡು ಓಡೋವು, ಯಾರರ ಮೈ ಮುಟ್ಟಿದ್ರ ಚೇಳು ಕಡದಂಗ ಚೀರೋವು, ಇಲ್ಲಾ ಎಷ್ಟು ಪೆಟ್ಟು ಬಿದ್ರೂ ಖಬರ ಇಲ್ಲದ ಮತ್ತ ಹೋಗಿ ಗ್ವಾಡಿಗೆ ಹಾಯೋವು. ಕಣ್ಣು ಕಿವಿ ಎಲ್ಲಾ ಬರೋಬ್ಬರಿ ಇರ್ತಾವ. ಆದ್ರ ಹೊರಗಿನ ಸಪ್ಪಳ, ವಾಸನಿ, ಸ್ಪರ್ಶ ಒಬ್ಬರಿಗೆ ಹತ್ತು ಪಟ್ಟು ತಟ್ಟತೈತಿ, ಇನ್ನೊಬ್ಬರಿಗೆ ತಟ್ಟೂದ ಇಲ್ಲ. ಊರಮಂದಿ ಇದಕ್ಕೆಲ್ಲಾ ಸರಳ ಹೆಸರು ಇಟ್ಟಿದ್ರು: ಹಟಮಾರಿ, ಹುಚ್ಚು, ಗಾಳಿ ಸೋಕಿದ್ದು. ಔಷಧಾನೂ ಸರಳ ಇತ್ತು: ಕಪಾಳಕ್ಕ ಎರಡು.

ಅರಬಿ ಅಂಗಡಿ ಸಾಹುಕಾರ್ರು ಒಬ್ಬರು ತಮ್ಮ ಖಾಲಿ ಬಿದ್ದಿದ್ದ ಮಗ್ಗದ ಖೋಲಿ ನನಗ ಬಿಟ್ಟುಕೊಟ್ರು. ಅವರ ಮಗನೂ ಇದ ಪೈಕಿ. ಮಧ್ಯಾಹ್ನ ಅಲ್ಲಿ ಐದಾರು ಹುಡುಗೂರನ್ನ ಕೂಡಿಸಿ ಆಡಸ್ತಿದ್ದೆ. ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಯಾಕ ನೋಡಲಿಲ್ಲ ಅಂದ್ರ, ಇವು ಬಾಳ್ವೆ ಮಾಡಬೇಕಾದ್ದು ಸಾಲ್ಯಾಗ, ಬಸ್ಸಿನ್ಯಾಗ, ಮದುವಿ ಮನ್ಯಾಗ, ಹತ್ತು ಮಂದಿ ನಡುವ. ಕಲಿಯೂದೂ ಹತ್ತು ಮಂದಿ ನಡುವ ಆಗಬೇಕು.

ಅದರಾಗ ಒಬ್ಬ ಹುಡುಗಿ ಸುದ್ದಿ ಮೊದಲ ಹೇಳಿಬಿಡ್ತೇನಿ, ಯಾಕಂದ್ರ ನನ್ನ ತಲಿ ತಿಂದಾಕಿ ಆಕಿನ. ನೇಕಾರರ ಮಗಳು, ಎರಡನೇ ವರ್ಗದಾಕಿ. ಮಗ್ಗಿ ಹೇಳಂದ್ರ ಪಟಪಟ ಅಂತ ಹೇಳ್ತಿದ್ಲು. ಆದ್ರ ಸಾಲಿ ಘಂಟಿ ಬಾರಿಸಿದ್ರ ಮುಗೀತು, ಪಾಟಿ ಒಗದು ಮನಿಗೆ ಓಟ. ಹೆಡ್ ಮಾಸ್ತರ್ರು ಕಡೀ ಮಾತು ಹೇಳಿಬಿಟ್ಟಿದ್ರು: "ದೀಪಾವಳಿ ಸೂಟಿ ಮುಗಿದ ಮ್ಯಾಲೆ ಮತ್ತ ಓಡಿದ್ಲಂದ್ರ ಹೆಸರು ತಗೀತೇನಿ. ಒಂದು ಓಡಿದ್ರ ಹಿಂದ ಹತ್ತು ಓಡ್ತಾವ."

ಅಪ್ಪಗ ಚಿಂತಿ ಇದ್ದಿದ್ದಿಲ್ಲ. "ತಗದ್ರ ತಗೀಲಿ ಬಿಡ್ರಿ. ಮನ್ಯಾಗ ಕಂಡಿಕಿ ಸುತ್ತಾಕ ಒಂದು ಕೈ ಆಗತೈತಿ" ಅಂದ. ಕಂಡಿಕಿ ಅಂದ್ರ ಮಗ್ಗದ ಲಾಳಿಯೊಳಗ ಹಾಕೋ ನೂಲಿನ ಸುತ್ತು. ಅವ್ವ ಮಾತ್ರ ನನ್ನ ಕೈ ಹಿಡಕೊಂಡು, "ಅಕ್ಕೋರ, ನಾ ಇಷ್ಟಿದ್ದಾಗಿಂದ ಅದನ್ನ ಸುತ್ತಾಕ ಹತ್ತೇನಿ. ಇಕಿ ಕೈಯಾಗರ ಪುಸ್ತಕ ಇರ್ಲಿ" ಅಂದ್ಲು. ನನಗ ಇದ್ದ ವ್ಯಾಳ್ಯಾ ದೀಪಾವಳಿ ಮಟ.

ಇದಕ್ಕ ಮುಂಬೈ ಯಾಕ?

ಶುರುವಿನ್ಯಾಗ ನಾ ಏನು ಕೆಲಸದಾಕಿ ಅನ್ನೋದ ಊರಿಗೆ ಬಗಿಹರೀಲಿಲ್ಲ. ನಮ್ಮಪ್ಪನ ಗೆಳೆಯಾ ಒಬ್ಬ ಅಜ್ಜ ಮೊಣಕಾಲು ಹಿಡಕೊಂಡು ಬಂದ.

"ಡಾಕ್ಟರಬಾಯಿ, ಒಂದು ಗುಳಿಗಿ ಕೊಡವ್ವಾ."

"ನಾ ಗುಳಿಗಿ ಕೊಡೂದಿಲ್ಲಜ್ಜಾ."

"ಸೂಜಿ?"

"ಅದನ್ನೂ ಮಾಡೂದಿಲ್ಲ."

"ಹಂಗಾರ ಸಾಲಿ ಅಕ್ಕೋರು ಅನ್ನು. ಮಗ್ಗಿ, ಕಾಗುಣಿತ ಕಲಸ್ತೀ."

"ಅದೂ ಇಲ್ಲ. ಹುಡುಗೂರನ್ನ ಉಸುಕಿನ್ಯಾಗ ಆಡಸ್ತೇನಿ, ಜೋಕಾಲಿ ತೂಗ್ತೇನಿ, ಜ್ವಾಳದ ಹಿಟ್ಟು ನಾದಸ್ತೇನಿ."

ಅಜ್ಜ ಮೊಣಕಾಲು ನೋವು ಮರತು ನಮ್ಮಪ್ಪನ ಕಡೆ ತಿರಗಿದ. ಮನಿ ಮಾರಿಕೊಂಡವನ್ನ ನೋಡಿದಂಗ ನೋಡಿದ. "ಅಲ್ಲೋ ಮಾರಾಯಾ, ಉಸುಕಿನ್ಯಾಗ ಆಡೂದು ನಮ್ಮೂರಾಗ ಪುಕ್ಕಟ ಕಲಿತಾರಲ್ಲೋ! ಅಷ್ಟಕ್ಕ ಮಗಳನ್ನ ಮುಂಬೈ ಮಟ ಕಳಿಸಿದೇನು?"

ನಮ್ಮಪ್ಪ ಸೋಲೋ ಪೈಕಿ ಅಲ್ಲ. "ಅಲ್ಲಿ ಉಸುಕು ಇಲ್ಲೋ. ಅದಕ್ಕ ಪುಸ್ತಕ ಓದಿ ಕಲೀತಾರ" ಅಂದ.

ಬ್ಯಾಸಗಿ ಕೌದಿ

ಮೈಮ್ಯಾಲೆ ಭಾರ ಬಿದ್ರ ಕೆಲವು ಹುಡುಗೂರಿಗೆ ಜೀವಾ ತಂಪಾಗತೈತಿ. ಮುಂಬೈದಾಗ ಇದಕ್ಕ ಏನೇನೋ ಸಾಮಾನು ಇದ್ವು. ನಾ ಮನಿಗೊಂದು ಕೌದಿ ಕಳಸ್ರಿ ಅಂದೆ. ನಮ್ಮ ಕಡೆ ಕೌದಿ ಅಂದ್ರ ಅಜ್ಜಿ ಸೀರಿ, ಮುತ್ತಜ್ಜಿ ಸೀರಿ, ಅಜ್ಜನ ಧೋತರ ಎಲ್ಲಾ ಪದರ ಪದರ ಸೇರಿಸಿ ಹೊಲದದ್ದು. ಹೊಚ್ಕೊಂಡ್ರ ಇಡೀ ಮನೆತನಾನ ಮೈಮ್ಯಾಲೆ ಕುಂತಂಗ ಆಗತೈತಿ. ಹುಡುಗೂರನ್ನ ಅದರಾಗ ಸುತ್ತಿ ಮಲಗಿಸಿದ್ರ ಅಳೂವನೂ ಗಪ್ಪ ಆಗ್ತಿದ್ವು.

ಆದ್ರ ಅದು ಬ್ಯಾಸಗಿ. ಹೊರಗ ಕಾಗಿ ಸೈತ ಬಾಯಿ ತಗದು ಕುಂದರೋ ಬಿಸಲು. ಅಂಥಾದ್ರಾಗ ಒಂದು ಖೋಲಿ ತುಂಬ ಹುಡುಗೂರು ಕೌದಿ ಹೊಚ್ಕೊಂಡು ಮಲಗ್ಯಾವ ಅಂತ ಸುದ್ದಿ ಹೋತು. ಹೋಗಿದ್ದು ಎಲ್ಲಿಗೆ? ಬರೋಬ್ಬರಿ ಮಲೇರಿಯಾದವನ ಕಿವಿಗೆ.

ಆಗ ಮಲೇರಿಯಾ ಖಾತೆಯವರು ಮನಿ ಮನಿ ತಿರಗಿ, ಜ್ವರ ಬಂದವರ ಬಟ್ಟು ಚುಚ್ಚಿ ರಕ್ತ ತಗೊಂಡು, ಬಾಗಲ ಮ್ಯಾಲೆ ತಾರೀಖು ಬರದು ಹೋಗ್ತಿದ್ರು. ಅಂವ ಡಬ್ಬಿ ಬಗಲಾಗ ಇಟ್ಕೊಂಡು ಬಂದ ಕೂಡಲೇ ಕೇಳಿದ: "ಎಷ್ಟು ಮಂದಿಗೆ ಐತ್ರಿ ಥಂಡಿ ಜ್ವರ?"

"ಒಬ್ಬರಿಗೂ ಇಲ್ಲ."

"ಇಂಥಾ ಧಗಿಯೊಳಗ ಕೌದಿ ಹೊಚ್ಕೊಂಡಾವ, ಜ್ವರ ಇಲ್ಲಂದ್ರ ನಾ ನಂಬಬಹುದ್ರಿ. ನಮ್ಮ ಸಾಹೇಬ್ರು ನಂಬಬೇಕಲ್ಲ?"

ಸೂಜಿ ತಗದ. ಮುಟ್ಟಿದ್ರ ಚೀರೋ ಹುಡುಗ ಮಗ್ಗದ ಚೌಕಟ್ಟು ಏರಿ ಕುಂತ. ನೇಕಾರರ ಹುಡುಗಿ ನನ್ನ ಸೆರಗಿನ ಹಿಂದ ಹೊಕ್ಕಳು. ಗ್ವಾಡಿಗೆ ಹಾಯೋ ಹುಡುಗ ಒಬ್ಬಾಂವ ಎದ್ದು ಬಂದು ಬಟ್ಟು ಮುಂದ ಮಾಡಿದ. ಚುಚ್ಚಿಸ್ಕೊಂಡ. ರಕ್ತ ಬಂದದ್ದನ್ನ ಕಣ್ಣು ಅಗಲಿಸಿ ನೋಡಿದ.

"ಇನ್ನೊಮ್ಮಿ" ಅಂದ.

"ಒಮ್ಮಿ ಸಾಕಪ್ಪಾ."

"ಈ ಬಟ್ಟಿಗೆ?"

ಎರಡೂ ಕೈ ಮುಂದ ಚಾಚಿ, ಎಲ್ಲಾ ಬಟ್ಟು ಸಾಲಾಗಿ ಹಿಡದು ನಿಂತ. ಮಲೇರಿಯಾದಾಂವ ಮೆಲ್ಲಕ ಡಬ್ಬಿ ಮುಚ್ಚಿದ. ನನ್ನ ಬಾಜೂಕ ಕರದು ಸಣ್ಣ ದನಿಯೊಳಗ ಹೇಳಿದ: "ಅಕ್ಕೋರ, ನಾ ಹುನಗುಂದ ತಾಲೂಕ ಎಲ್ಲಾ ತಿರಗೇನಿ. ನನ್ನ ನೋಡಿ ಹೊಲಾ ಹಾರಿ ಓಡಿದವರನ್ನ ಕಂಡೇನಿ, ನೆಲದಾಗಿನ ಕಾಳಿನ ಹಗೇವಿನ್ಯಾಗ ಇಳದವರನ್ನ ಕಂಡೇನಿ. ಇನ್ನೊಮ್ಮಿ ಚುಚ್ಚು ಅಂದವನ್ನ ಕಂಡಿಲ್ಲ. ಇದು ಮಲೇರಿಯಾ ಅಲ್ಲ ತಗೋರಿ, ಇದು ಬ್ಯಾರೆ ಏನೋ ಐತಿ."

ಊರಾಗ ಈ ಹುಡುಗೂರ ರೋಗ ಬರೋಬ್ಬರಿ ಗುರ್ತಾ ಹಿಡದ ಮೊದಲನೇ ಮನಷ್ಯಾ ಅಂವನ. ಹೋಗೋ ಮುಂದ ಬಾಗಲ ಮ್ಯಾಲೆ ತಾರೀಖಿನ ಜೋಡಿ 'ಕೌದಿ ಸಾಲಿ' ಅಂತ ಬರದು ಹೋದ. ಮುಂದ ಅದ ಹೆಸರು ಕಾಯಂ ಆತು.

ಅಂಗಡಿ ತುಂಬ ಅರಬಿ

ಖೋಲಿ ಕೊಟ್ಟ ಸಾಹುಕಾರ್ರ ಅಂಗಡ್ಯಾಗ ಸೀರಿ, ಧೋತರ, ಜಂಪರ ಪೀಸು ಮಾಳಿಗಿ ಮಟ ಪೇರಿಸಿದ್ವು. ಅವರ ಮಗನ ಮೈಮ್ಯಾಲೆ ಮಾತ್ರ ಒಂದು ಚೂರು ಅರಬಿ ನಿಲ್ತಿದ್ದಿಲ್ಲ. ಹೊಸಾ ಅಂಗಿ ಗಂಜಿ ಚರ್ಮಕ್ಕ ಹತ್ತಿದ್ರ ಮುಳ್ಳು ಚುಚ್ಚಿದಂಗ ಆಗ್ತಿತ್ತು ಅವಗ. ಕಿತ್ತು ಒಗದು ಬಜಾರದಾಗ ಹುಟ್ಟುಡಿಗ್ಯಾಗ ಓಡ್ತಿದ್ದ.

"ಅಕ್ಕೋರ, ಮಾನಾ ಹೋತ್ರಿ" ಅಂತಿದ್ರು ಸಾಹುಕಾರ್ರು. "ಇಡೀ ಸೀಮಿಗೆ ಅರಬಿ ಉಡಸಾಂವ ನಾನು, ನನ್ನ ಮಗ ಹಿಂಗ!"

ನಾ ಹೇಳಿದೆ, "ಮೆತ್ತಗ ಆಗಿರೋ ಹಳೇ ಸೀರಿಯೊಳಗ ಒಂದು ಅಂಗಿ ಹೊಲಸ್ರಿ, ಹಾಕ್ಕೋತಾನ."

ಸಾಹುಕಾರ್ರ ಮಾರಿ ಸಣ್ಣದಾತು. "ಹಳೇ ಸೀರಿ ಅಂಗಿ? ನನ್ನ ಮಗಗ? ಮೈಮ್ಯಾಲೆ ಏನೂ ಇಲ್ಲಂದ್ರ ಸಣ್ಣ ಹುಡುಗ ಅಂತಾರ್ರಿ. ಹಳೇದು ಹಾಕ್ಯಾನ ಅಂದ್ರ ಅವರಪ್ಪ ದಿವಾಳಿ ಎದ್ದಾನ ಅಂತಾರ."

ಕಡೀಕ ಸಾಹುಕಾರ್ರ ತಾಯಿ ಮಗನ್ನ ಕೇಳದ ತಮ್ಮ ಹಳೇ ಸೀರಿ ಕತ್ತರಿಸಿ ಅಂಗಿ ಹೊಲದ್ರು. ಹುಡುಗ ಹಾಕ್ಕೊಂಡಾಂವ ತಗೀಲೇ ಇಲ್ಲ. ಅದನ್ನ ಹಾಕ್ಕೊಂಡ ಅಂಗಡ್ಯಾಗ ಅಪ್ಪನ ಬಾಜೂಕ ಕುಂದರಾಕ ಶುರು ಮಾಡಿದ.

ಮುಂದ ಆದದ್ದು ಸಾಹುಕಾರ್ರಿಗೆ ಇನ್ನೂ ದೊಡ್ಡ ಸಂಕಟ. ಕಮತಗಿ ಕಡೆಯಿಂದ ಮದುವಿ ಜವಳಿಗೆ ಬಂದ ಹೆಣಮಕ್ಕಳು ಹುಡುಗನ ಅಂಗಿ ಹಿಡದು ನೋಡಿದ್ರು, ಪೇರಿಸಿಟ್ಟ ಸೀರಿಯೆಲ್ಲಾ ಆಚೀಕ ಸರಿಸಿಬಿಟ್ರು. "ಇದೆಲ್ಲಾ ಬ್ಯಾಡ್ರಿ, ಈ ನಮೂನಿ ಮೆತ್ತನ್ನ ಅರಬಿ ತಗೀರಿ. ಎಲ್ಲಿ ಮುಚ್ಚಿಟ್ಟೀರಿ?"

ಸಾಹುಕಾರ್ರು ಬೆವರು ಒರಸ್ಕೋತ ಹೇಳಿದ್ರಂತ: "ಆ ಮಾಲು ಈಗ ಇಲ್ಲ ತಾಯಿ. ಅದು ತಯಾರಾಗಾಕ ಮೂವತ್ತು ವರ್ಷ ಹತ್ತತೈತಿ, ಅದೂ ನಮ್ಮವ್ವ ಒಬ್ಬಾಕಿನ ತಯಾರ ಮಾಡ್ತಾಳ."

ಮುತ್ತು

ವಾರಕ್ಕೊಮ್ಮಿ ಹುಡುಗೂರನ್ನ ಗುಂಡಗ ಕುಂದರಸ್ತಿದ್ದೆ. ಅರಬಿ ಚೆಂಡು ಯಾರ ಕೈಗೆ ಬರತೈತೋ ಅವರು ತಮಗ ತಡಿಯಾಕ ಆಗದ್ದು ಒಂದು ಹೇಳಬೇಕು. ಉಳಿದವರು ನಗಬಾರದು. ಹೊರಗ ಕಟ್ಟಿ ಮ್ಯಾಲೆ ತಾಯಂದ್ರು, ಅಜ್ಜಿಗಳು ಕುಂತು ಕಿವಿಗೊಟ್ಟು ಕೇಳ್ತಿದ್ರು. ಅವರಿಗೆ ಇದು ಬಯಲಾಟಕ್ಕಿಂತ ಚಲೋ ಇತ್ತು.

ಒಬ್ಬಾಂವ ತಲಿಗೆ ಎಣ್ಣಿ ತಿಕ್ಕೂದು ಬ್ಯಾಡ ಅಂದ. ಇನ್ನೊಬ್ಬಾಂವ ಬೆಂಡಿಕಾಯಿ ಲೋಳಿ ಅಂದ. ನೇಕಾರರ ಹುಡುಗಿ "ಘಂಟಿ" ಅಂದು, ತಾನ ಅಂದದ್ದಕ್ಕ ತಾನ ಕಿವಿ ಮುಚ್ಕೊಂಡಳು. ಮುಟ್ಟಿದ್ರ ಚೀರೋ ಹುಡುಗನ ಪಾಳಿ ಬಂತು. "ನಮ್ಮಜ್ಜಿ ಮುತ್ತು ಕೊಡೂದು ಬ್ಯಾಡ. ಹಸಿ ಹಸಿ ಆಗತೈತಿ, ತಂಬಾಕ ನಾರತೈತಿ."

ಹೊರಗ ಕಟ್ಟಿ ಮ್ಯಾಲಿಂದ ಅಜ್ಜಿ ಸೀದಾ ಒಳಗ ನುಗ್ಗಿದ್ಲು. "ಏ ಭಾಡ್ಯಾ! ನಿನ್ನ ಎತ್ತಿ ಆಡಿಸಿದ್ದು ಯಾರೋ? ನಾಕು ಮಂದ್ಯಾಗ ನನ್ನ ಮರ್ಯಾದಿ ತಗೀತಿ?"

ನಾ ನಡುವ ಬಿದ್ದು ಸಮಾಧಾನ ಮಾಡಿದೆ. "ಅಜ್ಜಿ, ಕೂಸು ಸುಳ್ಳು ಹೇಳವಲ್ದು. ಎರಡರಾಗ ಒಂದು ಬಿಟ್ಟುಬಿಡ್ರಿ. ತಂಬಾಕರ ಬಿಡ್ರಿ, ಇಲ್ಲಾ ಮುತ್ತರ ಬಿಡ್ರಿ."

ಅಜ್ಜಿ ಸಿಟ್ಟಿಲೇ ಮನಿಗೆ ಹೋದ್ಲು. ಮುಂದಿನ ವಾರ ಬಂದು, ನನ್ನ ಮುಂದ ಕುಂತು, ಚಂಚಿ ಬಿಚ್ಚಿ ತಂಬಾಕ ತಿಕ್ಕೋತ ಹೇಳಿದ್ಲು: "ಭಾಳ ವಿಚಾರ ಮಾಡಿದೆ ಅಕ್ಕೋರ. ಕೂಸು ಮೊನ್ನೆ ಮೊನ್ನೆ ಹುಟ್ಟೇತಿ. ಇದರದ್ದು ನನ್ನದು ನಲವತ್ತು ವರ್ಷದ ಋಣ."

ಅವತ್ತಿಂದ ಅಜ್ಜಿ ಮುತ್ತು ಬಿಟ್ಟಳು. ಮೊಮ್ಮಗ ಎದುರು ಬಂದ್ರ ಮಾರು ದೂರ ನಿಂತು ಕೈಮುಗಿದು "ಶರಣೋ ಎಪ್ಪಾ" ಅಂತಿದ್ಲು. ಅಂವನೂ ಕೈಮುಗಿದು "ಶರಣಬೇ ಎಮ್ಮಾ" ಅಂತಿದ್ದ. ಓಣಿ ಮಂದಿಗೆ ಇದನ್ನ ನೋಡಿ ಕಣ್ಣಾಗ ನೀರು ಬರ್ತಿತ್ತು. ತಮ್ಮ ಹುಡುಗೂರ ಕಿವಿ ಹಿಂಡಿ, "ನೋಡ್ರಿ, ಶರಣರ ಮನೆತನದ ಸಂಸ್ಕಾರ ಅಂದ್ರ ಹಿಂಗ ಇರಬೇಕು" ಅಂತ ತೋರಸ್ತಿದ್ರು.

ಬಾದಾಮಿಯೊಳಗ ಗ್ವಾಡಿ ನೂಕಿದ್ದು

ಸಾಹುಕಾರ್ರ ಖರ್ಚಿನ್ಯಾಗ ಎಲ್ಲಾರನ್ನ, ಅವರವ್ವಗೋಳನ್ನೂ ಕರಕೊಂಡು ಬಾದಾಮಿಗೆ ಹೊಂಟೆ. ಮಂದಿ, ಮಂಗ್ಯಾ, ಬಸ್ಸು ಎಲ್ಲಾದ್ರ ನಡುವ ಹುಡುಗೂರು ಎಷ್ಟು ತಡಕೋತಾವ ನೋಡೋಣು ಅಂತ ನನ್ನ ಲೆಕ್ಕ. ಕಮತಗಿಯೊಳಗ ಡ್ರೈವರ್ ಹಾರ್ನ್ ಹೊಡದ. ನೇಕಾರರ ಹುಡುಗಿ ಬಸ್ಸಿಂದ ಜಿಗದು ಓಡಿದಾಕಿ, ಬಜಾರ ದಾಟಿ ಸಿಕ್ಕಳು. ಬಸ್ಸಿನ ಹಾರ್ನಿಗೆ ಹಿಂಗಾದ್ರ ಸಾಲಿ ಘಂಟಿಗೆ ಹ್ಯಾಂಗ ಅಂತ ನನಗ ಚಿಂತಿ ಹತ್ತಿತು. ಆಕಿ ಅವ್ವ ಮಗಳ ತಲಿ ಮ್ಯಾಲೆ ಸೆರಗು ಹೊಚ್ಚಿ ಕುಂತಳು. ನನ್ನ ಬೈದಿದ್ರನ ನನಗ ಹಗರ ಆಗ್ತಿತ್ತು.

ಗುಹೆ ಹತ್ರ ಮಂಗ್ಯಾ ಬಂದು ಬುತ್ತಿ ಗಂಟು ಕಸಕೊಂಡು ಹೋದ್ವು. ಹುಡುಗೂರಿಗೆ ಗಾಬರಿ ಹತ್ತು ಪಟ್ಟು. ಇಂಥಾ ಹೊತ್ತಿನ್ಯಾಗ ನಾ ಕಲಿಸಿದ್ದು ಒಂದ: ಎರಡೂ ಅಂಗೈ ಗ್ವಾಡಿಗೆ ಹಚ್ಚಿ ಜೋರ ಹಾಕಿ ನೂಕೂದು. ತೋಳಿಗೆ ಕೆಲಸ ಕೊಟ್ರ ಮೈ ತಾನ ತಹಬಂದಿಗೆ ಬರತೈತಿ. ಎಲ್ಲಾವೂ ಸಾಲಾಗಿ ನಿಂತು ಕೆಂಪು ಬಂಡಿಗಲ್ಲಿಗೆ ಕೈ ಹಚ್ಚಿ ನೂಕಾಕ ಹತ್ತಿದ್ವು. ಜೋಡಿಲೇ ಅವರವ್ವಗೋಳು, ಜೋಡಿಲೇ ನಾನು.

ಅಷ್ಟೊತ್ತಿಗೆ ಗೈಡ್ ಒಬ್ಬಾಂವ ಫಾರಿನ್ ಮಂದಿ ಕರಕೊಂಡು ಬಂದ. ಅವರೊಳಗೊಬ್ಬಾಕಿ, ಇವರೆಲ್ಲಾ ಏನು ಮಾಡಾಕ ಹತ್ಯಾರ ಅಂತ ಕೇಳಿದ್ಲು. ಗೈಡ್ ಒಂದು ಗಳಿಗಿ ನಮ್ಮನ್ನ ನೋಡಿದ. ಆಮ್ಯಾಲೆ ತನ್ನ ಇಂಗ್ಲಿಷಿನ್ಯಾಗ ಶುರು ಮಾಡಿದ: ಇದು ಚಾಲುಕ್ಯರ ಕಾಲದಿಂದ ಬಂದ ಪದ್ಧತಿ, ಈ ಗುಡ್ಡ ಬೀಳದಂಗ ಇಲ್ಲಿ ಜನಾ ತಲಿತಲಾಂತರದಿಂದ ಹಿಂಗ ಆನಸ್ಕೊಂಡು ಬಂದಾರ, ಅದಕ್ಕ ಇನ್ನೂ ನಿಂತೈತಿ.

ಫಾರಿನ್ ಮಂದಿ ಕ್ಯಾಮರಾ ಕೊಳ್ಳಾಗ ಇಳಿಬಿಟ್ಟು ತಾವೂ ಬಂದು ಕೈ ಹಚ್ಚಿದ್ರು. ಅವರನ್ನ ನೋಡಿ ಗದಗಿನ ಕಡೆ ಒಂದು ಸಂಸಾರ ಚಪ್ಪಲಿ ಬಿಟ್ಟು ಬಂದು ಕೈ ಹಚ್ತು.

ನಾ ಗೈಡನ್ನ ಬಾಜೂಕ ಎಳದು ಕೇಳಿದೆ: "ಏನ್ರಿ ಇದು, ಬಾಯಿಗೆ ಬಂದದ್ದು ಹೇಳ್ತೀರಿ?"

"ಅಕ್ಕಾರ, ಗೊತ್ತಿಲ್ಲ ಅಂದ್ರ ಅವರು ಭಕ್ಷೀಸು ಕೊಡೂದಿಲ್ರಿ."

ಮುಂದ ಸುಮಾರು ವರ್ಷದ ಮ್ಯಾಲೆ ಬೀಗರನ್ನ ಕರಕೊಂಡು ಮತ್ತ ಅಲ್ಲಿಗೆ ಹೋಗಿದ್ದೆ. ಮೂರ್ತಿ ನೋಡಿ ಹೊಳ್ಳಿ ಹೊಂಟಿದ್ದೆ, ಒಬ್ಬ ಮುದುಕಿ ನನ್ನ ರಟ್ಟಿ ಹಿಡದು ಗದರಿಸಿದ್ಲು: "ಅಲ್ಲವ್ವಾ, ಕಲ್ತಾಕಿ ಕಂಡಂಗ ಕಾಣ್ತಿ, ಗ್ವಾಡಿ ನೂಕದ ಹೊಂಟಿ? ಬಂದದ್ದು ಏನು ಸಾರ್ಥಕ ಆತು?"

ನೂಕಿ ಬಂದೆ. ಮತ್ತೇನು ಮಾಡ್ಲಿ?

ತಾಟು

ದೀಪಾವಳಿ ಹತ್ರ ಬಂತು. ನನಗ ಮನಸ್ಸಿನ್ಯಾಗ ಸೋತಂಗ ಆಗಿತ್ತು. ನೇಕಾರರ ಹುಡುಗಿ ಸಂಬಂಧ ಖೋಲಿಯೊಳಗ ಬಡಿಯೋ ಸಾಮಾನೆಲ್ಲಾ ಮುಚ್ಚಿಟ್ಟಿದ್ದೆ. ಆದ್ರ ಗ್ವಾಡಿಗೆ ಹಾಯೋ ಹುಡುಗಗ ಸಪ್ಪಳ ಅಂದ್ರ ಹಬ್ಬ. ಒಂದಿನ ಎಲ್ಲಿಂದಲೋ ಹಿತ್ತಾಳಿ ತಾಟು, ಸೌಟು ಸಂಪಾದಿಸಿ ಢಣ್ ಢಣ್ ಢಣ್ ಶುರು ಮಾಡಿದ.

ಹುಡುಗಿ ಕಿವಿ ಮುಚ್ಕೊಂಡು ಬಾಗಲಕ್ಕ ಓಡಿದ್ಲು. ಬಾಗಲದಾಗ ತಂಬಾಕಿನ ಅಜ್ಜಿ ಕಾಲು ಚಾಚಿ ಅಡ್ಡ ಕುಂತಿದ್ಲು. ಏಳೂದಂದ್ರ ಅಜ್ಜಿಗೆ ಅರ್ಧಾ ತಾಸಿನ ಕೆಲಸ. ಹುಡುಗಿಗೆ ಹೊರಗ ಹೋಗಾಕ ದಾರಿ ಇಲ್ಲ. ಹೊಳ್ಳಿ ಬಂದು ಹುಡುಗನ ಕೈಯಾಗಿನ ತಾಟು ಸೌಟು ಕಸಕೊಂಡಳು. ಒಗೀತಾಳ ಅಂತ ನಾ ಮಾಡಿದ್ದೆ. ಒಗೀಲಿಲ್ಲ. ತಾನ ಬಡದ್ಲು. ಇನ್ನೊಮ್ಮಿ ಬಡದ್ಲು. ಆಮ್ಯಾಲೆ ಸಿಟ್ಟೆಲ್ಲಾ ತೀರೋ ಮಟ ಬಡದ್ಲು, ಕಡೀಕ ಆ ಗಟ್ಟಿ ಹುಡುಗ ತಾನ ಕಿವಿ ಮುಚ್ಕೊಂಡು ಕೌದಿಯೊಳಗ ಹೊಕ್ಕ.

ನನಗ ಅವಾಗ ತಲ್ಯಾಗ ದೀಪಾ ಹತ್ತಿದಂಗ ಆತು. ಈ ಹುಡುಗಿ ಮನ್ಯಾಗ ದಿನಾ ಮಗ್ಗದ ಬಾಜೂಕ ಕುಂತಿರತಾಳ. ಖಟ್ ಖಟ್ ಅಂತ ಮುಂಜಾನಿಂದ ಸಂಜಿಮಟ ಬಡೀತಿದ್ರೂ ಕಿವಿ ಮುಚ್ಕೊಳ್ಳೂದಿಲ್ಲ. ಅದಕ್ಕ ಊರೆಲ್ಲಾ ಸೋಗು ಹಾಕ್ತಾಳ ಅಂತಿತ್ತು. ಖರೆ ಅಂದ್ರ ಮಗ್ಗ ಯಾವಾಗ ಬಡೀತೈತಿ ಅನ್ನೋದು ಅಪ್ಪನ ಕೈಕಾಲು ನೋಡಿ ಆಕಿಗೆ ಗೊತ್ತಿರತೈತಿ. ಸಾಲಿ ಘಂಟಿ? ಅದನ್ನ ಬಾರಿಸಾಂವ ಜವಾನ. ಬಾರಿಸೂದು ಹೆಡ್ ಮಾಸ್ತರ್ರ ಚಾ ಮುಗಿದ ಮ್ಯಾಲೆ. ಚಾ ಯಾವಾಗ ಮುಗೀತೈತಿ ಅನ್ನೋದು ಆ ಶಿವಗೂ ಗೊತ್ತಿರ್ತಿದ್ದಿಲ್ಲ. ಹುಡುಗ್ಯಾದ್ರೂ ಹ್ಯಾಂಗ ತಡಕೊಂಡಾಳು?

ಬಾಗಲದಾಗಿನ ಅಜ್ಜಿ ಇಬ್ಬರನ್ನೂ ನೋಡಿ ನನಗ ಕೇಳಿದ್ಲು: "ಅಕ್ಕೋರ, ಈಗ ಇಬ್ಬರೊಳಗ ಯಾರಿಗೆ ಔಷಧ ಮಾಡ್ತೀರಿ?"

ಘಂಟಿ

ಸೂಟಿ ಮುಗಿಯೋ ಮುಂದ ಹೆಡ್ ಮಾಸ್ತರ್ರ ಕಡೆ ಹೋದೆ. "ಸರ್ರ, ಸಾಲಿ ಘಂಟಿ ಈ ಹುಡುಗಿ ಕೈಯಾಗ ಕೊಡ್ರಿ. ಆಕಿನ ಬಾರಿಸಲಿ."

ಅವರು ಚಾ ಬಟ್ಟಲ ಕೆಳಗ ಇಟ್ರು. "ಕಳ್ಳನ ಕೈಯಾಗ ಕೀಲಿ ಕೊಡಂದಂಗಾತಲ್ರಿ! ಘಂಟಿಗೆ ಅಂಜಿ ಓಡಾಕಿಗೆ ಘಂಟಿ ಕೊಡ್ಲಿ?"

ನಾ ಮಗ್ಗದ ಮಾತು, ತಾಟಿನ ಮಾತು ಎಲ್ಲಾ ಹೇಳಿದೆ. ಅವರಿಗೆ ಒಂದೂ ತಲ್ಯಾಗ ಹೋಗಲಿಲ್ಲ. ಆದ್ರ ಈ ಪೀಡಾ ಒಂದ ದಿನದಾಗ ಮುಗೀತೈತಿ ಅನ್ನೋದು ತಲ್ಯಾಗ ಹೋತು. "ಆತ್ರಿ. ಒಂದ ದಿನ. ಓಡಿದ್ಲೋ, ಅಲ್ಲೇ ಹೆಸರು ತಗದೆ ಅನ್ರಿ."

ಸಾಲಿ ಅಂಗಳದಾಗ ಬೇವಿನ ಗಿಡಕ್ಕ ರೈಲ್ ಹಳಿ ತುಂಡು ತೂಗುಹಾಕಿದ್ರು, ಅದ ಘಂಟಿ. ಸೂಟಿ ಮುಗಿದ ದಿನ ಮುಂಜಾನೆ ಹುಡುಗಿ ಅದರ ಮುಂದ ಕಬ್ಬಿಣದ ಸಳಿ ಎರಡೂ ಕೈಲೆ ಹಿಡದು ನಿಂತಳು. ಕಂಪೌಂಡಿನ ಆಚೀಕ ಅವ್ವ. ಇನ್ನೂ ಆಚೀಕ ಅಪ್ಪ, ಎಲಿ ಅಡಿಕಿ ಕೊಳ್ಳಾಕ ಬಂದವರಂಗ ಸೋಗು ಹಾಕ್ಕೊಂಡು. ಆ ದಿಕ್ಕಿನ್ಯಾಗ ಎಲಿ ಅಡಿಕಿ ಅಂಗಡಿನ ಇದ್ದಿದ್ದಿಲ್ಲ. ಇದು ತಪ್ಪಿದ್ರ ಈ ಕೂಸು ಜೀವಮಾನ ಪೂರ್ತಿ ಕಂಡಿಕಿ ಸುತ್ತೋ ರಾಟಿ ಮುಂದ ಕುಂದರತೈತಿ ಅನ್ನೋದು ಬಿಟ್ರ ನನಗ ಬ್ಯಾರೆ ಏನೂ ಹೊಳೀವಲ್ದಾಗಿತ್ತು.

ಕಣ್ಣು ಮುಚ್ಚಿ ಹೊಡದ್ಲು. ಢಣ್!

ಇಡೀ ಸಾಲಿ ಆಕೀನ್ನ ನೋಡ್ತು. ಹುಡುಗಿ ಕಣ್ಣು ತಗದು ಹಳಿ ನೋಡಿದ್ಲು, ತನ್ನ ಕೈ ನೋಡಿದ್ಲು. ಕಾಲು ಅಲ್ಲೇ ಇದ್ವು. ಆಮ್ಯಾಲೆ ಢಣ್ ಢಣ್ ಢಣ್ ಅಂತ ಪೂರ್ತಿ ಬಾರಿಸಿ, ಸಳಿ ಗಿಡಕ್ಕ ಆನಿಸಿಟ್ಟು, ಪಾಟಿ ಎತ್ತಿಕೊಂಡು ವರ್ಗದಾಗ ಹೋಗಿ ಕುಂತಳು. ಆಕಿ ಅವ್ವ ಸೆರಗು ಬಾಯಾಗ ಇಟ್ಕೊಂಡು ಅತ್ಲು. ನಾನೂ ಅತ್ತೆ, ಮುಚ್ಚಿಡೂದೇನೈತಿ? ಹೆಡ್ ಮಾಸ್ತರ್ರು ಸಂಜಿಮಟ ಕಾದ್ರು. ಸಂಜಿ ಘಂಟೀನೂ ಆಕಿನ ಬಾರಿಸಿದ್ಲು. ಹೆಸರು ಉಳೀತು.

ಇಲ್ಲಿಗೆ ಮುಗೀತು ಅಂತ ನಾ ಮಾಡಿದ್ದೆ.

ದೀಪಾವಳಿ ಆಗಿ ಒಂದು ತಿಂಗಳ ಆಗಿರಬೇಕು. ಒಂದು ಮಧ್ಯಾಹ್ನ ಹೆಡ್ ಮಾಸ್ತರ್ರು ಕೌದಿ ಸಾಲಿ ಬಾಗಲಕ್ಕ ಬಂದು ನಿಂತ್ರು. ಹಿಂದ ಇಬ್ಬರು ಮಾಸ್ತರ್ರು, ಮೂವರೂ ತೇಕಾಕ ಹತ್ತಿದ್ರು.

"ಯಾಕ್ರಿ ಸರ್ರ, ಹುಡುಗಿ ಓಡಿದ್ಲೇನು?"

"ಆಕಿ ಯಾಕ ಓಡ್ತಾಳ್ರಿ? ಓಡಾಕ ಹತ್ತಿದವರು ನಾವು!"

ಕುಂದರಸಿ ನೀರು ಕೊಟ್ಟು ಕೇಳಿದೆ. ಆದದ್ದಿಷ್ಟು. ಹುಡುಗಿಗೆ ಯಾವುದೂ ತಟ್ಟನ ಆಗಬಾರದು, ಹೊತ್ತಿಗೆ ಸರಿಯಾಗಿ ಆಗಬೇಕು. ಆಫೀಸ್ ಗ್ವಾಡಿ ಗಡಿಯಾರ ನೋಡೂದು ಕಲ್ತಾಳ. ಮುಳ್ಳು ಅಲ್ಲಿಗೆ ಬಂತೋ, ಢಣ್! ಚಾ ಮುಗದೈತೋ ಇಲ್ಲೋ ಆಕಿಗೆ ಬೇಕಾಗಿಲ್ಲ. ಸಣ್ಣ ಸೂಟಿಯೊಳಗ ಮಿರ್ಚಿ ತಿನ್ನಾಕ ಬಜಾರಕ್ಕ ಹೋದ ಮಾಸ್ತರ್ರು ಮಿರ್ಚಿ ಬಾಯಾಗ ಇರೋ ಮುಂದ ಘಂಟಿ ಕೇಳಿ ಓಡೂದು. ಎಲಿ ಹಾಕ್ಕೊಂಡವರು ಅರ್ಧಾ ಅಗದು ನುಂಗೂದು. ತಡಾ ಮಾಡಿ ಬಂದ್ರ ಬೇವಿನ ಗಿಡದ ಕೆಳಗ ಸಳಿ ಹಿಡದು ನಿಂತಾಕಿ ಏನೂ ಅನ್ನೂದಿಲ್ಲ, ಸುಮ್ಮನ ನೋಡ್ತಾಳಂತ.

"ಆ ನೋಟ ತಡಿಯಾಕ ಆಗೂದಿಲ್ಲ ಅಕ್ಕೋರ" ಅಂದ ಹಿಂದಿನ ಮಾಸ್ತರ.

"ಘಂಟಿ ಕೇಳಿದ್ರ ಎದಿ ಹಾರತೈತಿ" ಅಂದ್ರು ಹೆಡ್ ಮಾಸ್ತರ್ರು. "ಕೈಯಾಗಿನ ಬಟ್ಟಲ ಬೀಳತೈತಿ. ರಾತ್ರಿ ಸೈತ ಕನಸಿನ್ಯಾಗ ಢಣ್ ಅಂತೈತಿ, ಎದ್ದು ಧೋತರ ಹುಡಕ್ತೇನಿ."

ನನಗ ನಗು ತಡಿಯಾಕ ಆಗವಲ್ದು. "ಮತ್ತ ಘಂಟಿ ಜವಾನನ ಕೈಯಾಗ ಕೊಟ್ಟುಬಿಡ್ರಿ ಸರ್ರ."

"ಆಕೀನ್ನ ಕರಿಸಿ ಅದನ್ನ ಹೇಳಾಕ ಹೋಗಿದ್ದೆ. ಕಿವಿ ಮ್ಯಾಲೆ ಕೈ ಇಟ್ಕೊಂಡು, ಯವ್ವಾ, ಈ ಸಪ್ಪಳಕ್ಕ ನನಗ ಭಾಳ ತ್ರಾಸ ಆಗಾಕ ಹತ್ತೇತಿ ಅಂದೆ. ಕೂಸು ನನ್ನ ಮಾರಿ ನೋಡಿ ಕನಿಕರ ಪಟ್ಟಳ್ರಿ." ಹೆಡ್ ಮಾಸ್ತರ್ರು ನೀರಿನ ತಂಬಿಗಿ ಕೆಳಗ ಇಟ್ರು. "'ಅಂಜಬ್ಯಾಡ್ರಿ ಸರ್ರ, ಮೊದಲ ಮೊದಲ ನನಗೂ ಹಂಗ ಆಗ್ತಿತ್ತು. ಕೌದಿ ಸಾಲಿಗೆ ಹೋಗ್ರಿ, ಕಡಿಮಿ ಆಗತೈತಿ' ಅಂದ್ಲು. ಅದಕ್ಕ ಬಂದೇವಿ. ಎಲ್ಲಿ ಮಲಗೋಣ್ರಿ?"